ಮಾತಿಲ್ಲದ ಆಟ, ಮಾತಾಡಿದ ನಾನು

ಕಾಲು ಉಳುಕಿಸಿಕೊಂಡು ಮನೆಯಲ್ಲಿ ಕೂತ ಮೂರನೆಯ ದಿನ ಮಗಳು ತನ್ನ ಟ್ಯಾಬ್ಲೆಟ್ ತಂದು ನನ್ನ ತೊಡೆಯ ಮೇಲಿಟ್ಟಳು. "ಅಮ್ಮಾ, ಒಂದು ಗೇಮ್ ಹಾಕೇನಿ, ಆಡು. ಇಲ್ಲಾಂದ್ರ ಬಂದವರಿಗೆಲ್ಲಾ ಕಾಲಿನ ಕಥೀ ಹೇಳ್ಕೋತ ಕೂಡ್ತಿ," ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಹಾಲಿನವನಿಗೆ ಹೇಳಿಯಾಗಿತ್ತು, ಕೊರಿಯರಿನವನಿಗೆ ಹೇಳಿಯಾಗಿತ್ತು, ಲಿಫ್ಟ್ ರಿಪೇರಿಗೆ ಬಂದವನನ್ನೂ ನಾನು ಬಿಟ್ಟಿರಲಿಲ್ಲ. ಮೂವತ್ತು ವರ್ಷ ಪುಣೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಮರಾಠಿ ಕಲಿಸಿದವಳು ನಾನು. ಧಾರವಾಡದಲ್ಲಿ ಹುಟ್ಟಿದವಳು ಪುಣೆಯ ಮಕ್ಕಳ ಮರಾಠಿ ತಿದ್ದಬೇಕಾದರೆ ಎಷ್ಟು ಸೊಕ್ಕಿರಬೇಕು, ನೀವೇ ನೋಡಿ. ಮಾತು ನನ್ನ ಹೊಟ್ಟೆಪಾಡಾಗಿತ್ತು. ನಿವೃತ್ತಿಯಾದ ಮೇಲೆ ಚಟವಾಗಿ ಉಳಿದುಕೊಂಡಿದೆ.

ಮಗಳು ಕೊಟ್ಟ ಆಟದಲ್ಲಿ ಒಂದೇ ಒಂದು ಮಾತಿಲ್ಲ. ಓದುವುದಕ್ಕೆ ಅಕ್ಷರವೂ ಇಲ್ಲ. ಇಬ್ಬರು ಹುಡುಗಿಯರು, ಒಂದು ಓಣಿ, ಓಣಿಯ ಕೊನೆಗೊಂದು ದಿಬ್ಬ, ಅಷ್ಟೇ. ಕೆಂಪು ಲಂಗದವಳು ನಾನು. ಬೆರಳಿಟ್ಟ ಕಡೆ ಅವಳು ನಡೆಯುತ್ತಾಳೆ. ಕೆಳಗಿನ ಗುಂಡಿ ಒತ್ತಿದರೆ ಕೈ ಚಾಚುತ್ತಾಳೆ. ಎರಡು ಜಡೆಯ ಇನ್ನೊಬ್ಬಳು ಆ ಕೈ ಹಿಡಿದುಕೊಳ್ಳುತ್ತಾಳೆ. ಇಬ್ಬರೂ ಸೇರಿ ಹಳೆಯ ಗಾಲಿಗಳನ್ನು ಹುಡುಕಿ ಬಂಡಿ ಮಾಡಬೇಕು. ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ ಎಂದು ಮಗಳು ಹೇಳಿದ್ದಳು. ಗಾಲಿ ಹುಡುಕುವುದರಲ್ಲೇ ನನ್ನ ಎರಡು ಮಧ್ಯಾಹ್ನ ಕಳೆದವು. ಪುಣೆಯ ಹಳೇ ಅಂಗಡಿಯವರು ಬಾಗಿಲೆಳೆದುಕೊಂಡು ಮಲಗುವ ಒಂದರಿಂದ ನಾಲ್ಕರ ಹೊತ್ತಿನಲ್ಲಿ ಅರವತ್ತು ದಾಟಿದ ನಾನು ಸೋಫಾದ ಮೇಲೆ ಕಾಲು ಚಾಚಿ ಗಾಲಿ ಹುಡುಕುತ್ತಿದ್ದೆ.

ಬಂಡಿಯೇನೋ ಆಯಿತು. ಆದರೆ ಮುಂದೆ ಆಟವೇ ನನ್ನ ಕೈಯಿಂದ ಒಂದು ತಪ್ಪು ಮಾಡಿಸುತ್ತದೆ. ಕೆಂಪು ಲಂಗದವಳು ಗೆಳತಿಗೆ ಕಾಯದೆ ಒಬ್ಬಳೇ ಬಂಡಿ ಹತ್ತಿ ದಿಬ್ಬ ಇಳಿಯುತ್ತಾಳೆ, ಬಂಡಿ ಚೂರುಚೂರಾಗುತ್ತದೆ. ಎರಡು ಜಡೆಯವಳು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತುಬಿಡುತ್ತಾಳೆ. ನಾನು ಕೈ ಚಾಚುವ ಗುಂಡಿ ಒತ್ತಿದೆ. ಅವಳು ಒಂದಿಷ್ಟು ಆಚೆ ಸರಿದಳು. ಮತ್ತೆ ಒತ್ತಿದೆ, ಮತ್ತೆ ಸರಿದಳು. ನಲವತ್ತು ಸಲವಾದರೂ ಒತ್ತಿರಬೇಕು. ಅವಳು ಕಟ್ಟೆಯ ಕೊನೆ ಮುಟ್ಟಿದ್ದಳು.

"ಇದು ಕೆಟ್ಟದ," ಎಂದು ಮಗಳನ್ನು ಕೂಗಿದೆ.

"ಏನೂ ಕೆಟ್ಟಿಲ್ಲಮ್ಮಾ. ಒತ್ತೋದು ಬಿಡು. ಅವಳ ಬಾಜೂಕ ಹೋಗಿ ಸುಮ್ಮನ ಕೂಡು."

"ಎಷ್ಟೊತ್ತು?"

"ಅದು ಗೊತ್ತಾಗಂಗಿಲ್ಲ. ಕೂಡಬೇಕು ಅಷ್ಟ."

ನಾನು ಟ್ಯಾಬ್ಲೆಟ್ ಬದಿಗಿಟ್ಟೆ. ಕಾಲು ನೋವೆಂದು ಮಗಳಿಗೆ ಹೇಳಿದೆ. ನಿಮಗೆ ನಿಜ ಹೇಳುತ್ತೇನೆ: ನನಗೆ ನಂದಾ ನೆನಪಾಗಿದ್ದಳು.

ಅಪ್ಪನಿಗೆ ವರ್ಗವಾಗಿ ನಾವು ಪುಣೆಗೆ ಬಂದಾಗ ನನಗೆ ಒಂಬತ್ತು ವರ್ಷ. ಸದಾಶಿವ ಪೇಟೆಯ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿಯ ಮನೆ. ನಡುವೆ ಎಲ್ಲರಿಗೂ ಸೇರಿದ ಅಂಗಳ, ಒಂದು ನಲ್ಲಿ. ಎದುರಿನ ಮನೆಯವಳು ನಂದಾ. ಅವಳಿಗೆ ಕನ್ನಡ ಬಾರದು, ನನಗೆ ಮರಾಠಿ ಬಾರದು. ಆದರೆ ಗಜಗದ ಕಾಯಿ ಹಾರಿಸಿ ಹಿಡಿಯುವುದಕ್ಕೆ ಯಾವ ಭಾಷೆ ಬೇಕು? ಅವಳು ಕಣ್ಣು ದೊಡ್ಡದು ಮಾಡಿದರೆ ನನ್ನ ಸರದಿ, ಮೂಗು ಮುರಿದರೆ ನಾನು ಮೋಸ ಮಾಡಿದ್ದೇನೆ. ಆರು ತಿಂಗಳು ಹೀಗೇ ನಡೆಯಿತು. ವಾಡೆಯ ಉಳಿದ ಹುಡುಗಿಯರು ನನಗೆ ಮೂಗಿ ಎಂಬ ಅರ್ಥದಲ್ಲಿ 'ಮುಕೀ' ಎಂದು ಹೆಸರಿಟ್ಟಿದ್ದರು. ನಂದಾ ಒಮ್ಮೆಯೂ ಹಾಗೆ ಕರೆಯಲಿಲ್ಲ. ಮೂಗಿಯೇನೋ ಮೂಗಿ, ಕಿವುಡಿಯಾಗಿರಲಿಲ್ಲ ನಾನು. ಎಲ್ಲರ ಮಾತನ್ನೂ ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದೆ.

ನವರಾತ್ರಿಯಲ್ಲಿ ಅಲ್ಲಿನ ಹುಡುಗಿಯರು ಭೋಂಡ್ಲಾ ಆಡುತ್ತಾರೆ. ಮಣೆಯ ಮೇಲೆ ಆನೆಯ ಚಿತ್ರ ಬರೆದು ನಡುವೆ ಇಟ್ಟು, ಕೈ ಕೈ ಹಿಡಿದು ಸುತ್ತುತ್ತ ಹಾಡುವುದು. ದಿನಕ್ಕೊಬ್ಬರ ಮನೆಯ ಪಾಳಿ. ಹಾಡಿಗಿಂತ ಹೆಚ್ಚಿನ ಮಜಾ ಕೊನೆಗಿರುತ್ತದೆ. ಆ ಮನೆಯವರು ಮಾಡಿದ ತಿನಿಸು ಡಬ್ಬಿಯಲ್ಲಿ ಮುಚ್ಚಿರುತ್ತದೆ. ಅದಕ್ಕೆ ಖಿರಾಪತ ಎನ್ನುತ್ತಾರೆ. ಡಬ್ಬಿಯಲ್ಲಿ ಏನಿದೆ ಎಂದು ಉಳಿದವರು ಊಹಿಸಬೇಕು. ಸೋತೆವು ಎಂದು ಎಲ್ಲರೂ ಒಪ್ಪಿದರೆ ಆ ಮನೆಯ ಹುಡುಗಿಗೆ ಮರುದಿನದ ತನಕ ನೆಲದ ಮೇಲೆ ಕಾಲಿಲ್ಲ.

ನಂದಾಳ ತಾಯಿ ಆ ವರ್ಷ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಮಾಡುವವಳು ಕೈ ನಡುಗುವ ಅಜ್ಜಿ ಒಬ್ಬಳೇ. ಅಜ್ಜಿ ಭಾರೀ ಖಡಕ್ಕು. ಯಾರ ಮನೆಯಿಂದಲೂ ಒಂದು ಬಟ್ಟಲು ಸಾರು ಒಳಗೆ ಬಿಟ್ಟುಕೊಂಡವಳಲ್ಲ. ಅವರ ಪಾಳಿಯ ಹಿಂದಿನ ದಿನ ನಂದಾ ಖಾಲಿ ಡಬ್ಬಿಯನ್ನು ಲಂಗದ ಮರೆಯಲ್ಲಿ ಹಿಡಿದುಕೊಂಡು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವ್ವ ಒಂದೇ ಸಲ ಅವಳ ಮುಖ ನೋಡಿದಳು. "ಅಯ್ಯ ನನ್ನ ಕೂಸ, ಬಾ ಒಳಗ. ನಾಳೆ ನಿಮ್ಮನಿ ಪಾಳಿ ಅಲ್ಲಾ? ಮಾದಲಿ ಮಾಡೂಣು, ಇಲ್ಲಿಯವರಿಗೆ ಯಾರಿಗೂ ತಿಳಿಯಂಗಿಲ್ಲ," ಎಂದಳು. ಗೋಧಿಯ ರೊಟ್ಟಿ ತಟ್ಟಿ, ಕುಟ್ಟಿ, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಏಲಕ್ಕಿ ಬೆರೆಸಿದಳು. ನಾವಿಬ್ಬರೂ ಗಸಗಸೆ ಹುರಿದೆವು, ಹುರಿದದ್ದಕ್ಕಿಂತ ಹೆಚ್ಚು ತಿಂದೆವು. ಹೊರಡುವಾಗ ನಂದಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದಳು. ನಾನು ತಲೆಯಾಡಿಸಿದೆ. ಆಟದ ಗುಟ್ಟು ಎಂದುಕೊಂಡೆ. ಅಷ್ಟೇ ಆಗಿರಲಿಲ್ಲ ಅದು. ಅದು ಅವರ ಮನೆಯ ಮಾನವಾಗಿತ್ತು.

ಮರುದಿನ ಸಂಜೆ ಯಾರಿಗೂ ಹೊಳೆಯಲಿಲ್ಲ. ಲಾಡು, ಚಿವಡಾ, ಶಿರಾ, ಏನು ಹೇಳಿದರೂ ನಂದಾ ಡಬ್ಬಿ ಕುಲುಕಿ ಇಲ್ಲ ಇಲ್ಲ ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು. ಅಷ್ಟರಲ್ಲಿ ದೊಡ್ಡ ಹುಡುಗಿಯೊಬ್ಬಳು ನಕ್ಕು, "ಮುಕೀಲಾ ವಿಚಾರಾ," ಎಂದಳು. ಮೂಗಿಯನ್ನು ಕೇಳಿ. ಎಲ್ಲರೂ ನಕ್ಕರು. ನನ್ನ ಕಿವಿ ಕೆಂಪಾಯಿತು. ಆರು ತಿಂಗಳು ಒಳಗೊಳಗೇ ಜೋಡಿಸಿಟ್ಟ ಮರಾಠಿ ಗಂಟಲಿಗೆ ನುಗ್ಗಿತು. "ಮಲಾ ಮಾಹೀತ ಆಹೇ! ಆಮಚ್ಯಾ ಅವ್ವಾನೇ ಕೇಲಂಯ, ಆಮಚ್ಯಾ ಘರೀ!" ನನಗೆ ಗೊತ್ತು, ಅದನ್ನು ಮಾಡಿದ್ದು ನಮ್ಮ ಅವ್ವ, ನಮ್ಮ ಮನೆಯಲ್ಲಿ.

ನನ್ನ ಬಾಯಿಂದ ಬಂದ ಮೊದಲ ಪೂರ್ತಿ ಮರಾಠಿ ವಾಕ್ಯ ಅದು. ಒಂದು ತಪ್ಪೂ ಇರಲಿಲ್ಲ. ಶಭಾಷ್ ಎನ್ನುತ್ತಾರೆಂದು ನಾನು ಸುತ್ತ ನೋಡಿದೆ. ಬಾಗಿಲಲ್ಲಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಮೆಟ್ಟಿಲಿಳಿದು ಬಂದು ನಂದಾಳ ಕೈಯಿಂದ ಡಬ್ಬಿ ತೆಗೆದುಕೊಂಡಳು. ಆ ನಡುಗುವ ಕೈಯಿಂದಲೇ ಎಲ್ಲರಿಗೂ ಹಂಚಿ, ಮಿಕ್ಕಷ್ಟನ್ನು ಒಂದು ಬಟ್ಟಲಿಗೆ ಹಾಕಿ, ನಮ್ಮ ಅವ್ವನ ಮುಂದೆ ಇಟ್ಟು ಒಳಗೆ ಹೋದಳು. ನಂದಾ ನನ್ನ ಕಡೆ ನೋಡಲಿಲ್ಲ.

ಆಮೇಲೆ ನನ್ನ ಮಾತಿನ ಕಟ್ಟೆ ಒಡೆಯಿತು. ಅವಳು ನಲ್ಲಿಗೆ ಬಂದರೆ ಮಾತು, ಶಾಲೆಗೆ ಹೊರಟರೆ ಹಿಂದಿನಿಂದ ಮಾತು, ಕಿಟಕಿಯ ಕೆಳಗೆ ನಿಂತು ಮಾತು. ಅವಳು ಪ್ರತಿಸಲ ಆಚೆ ಸರಿದಳು. ಚಳಿಗಾಲದಲ್ಲಿ ಅವಳ ತಾಯಿ ಹೋದರು. ಬೇಸಿಗೆಯಲ್ಲಿ ಅವಳು ಪುಣೆ ಹತ್ತಿರದ ಶಿರೂರಿನಲ್ಲಿದ್ದ ಸೋದರಮಾವನ ಮನೆ ಸೇರಿದಳು, ಅಲ್ಲೇ ಮದುವೆಯಾಗಿ ನಿಂತಳು. ಹತ್ತು ವರ್ಷದ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಾಗ ನಾನು ಕೈ ಹಿಡಿದು, ಮನಸ್ಸಿನಲ್ಲಿ ಎಷ್ಟೋ ಸಲ ತಿದ್ದಿ ಇಟ್ಟುಕೊಂಡಿದ್ದ ಕ್ಷಮೆಯ ಭಾಷಣ ಶುರು ಮಾಡಿದೆ. "ಜಾಊ ದೇ ಗ," ಬಿಡು ಅದನ್ನ, ಎಂದು ಊಟದ ಪಂಕ್ತಿಯ ಕಡೆ ಹೋಗಿಬಿಟ್ಟಳು.

ನಾಲ್ಕನೆಯ ಮಧ್ಯಾಹ್ನ ಟ್ಯಾಬ್ಲೆಟ್ ಮತ್ತೆ ತೆಗೆದೆ. ಕೆಂಪು ಲಂಗದವಳನ್ನು ಕಟ್ಟೆಯವರೆಗೆ ನಡೆಸಿ, ಕೂರಿಸಿ, ಕೈ ಕಟ್ಟಿಕೊಂಡೆ. ಗುಂಡಿ ಒತ್ತದೆ ಕೂರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಚಹಾ ಆರಿತು. ಎಷ್ಟೋ ಹೊತ್ತಿನ ಮೇಲೆ ಎರಡು ಜಡೆಯವಳು ಒಂದು ಗೇಣು ಈಚೆ ಸರಿದಳು. ನಾನು ಅತ್ತುಬಿಟ್ಟೆ. ಮಗಳು ಓಡಿ ಬಂದು "ಕಾಲು ನೋಯ್ತದೇನು?" ಎಂದಳು. ಇಲ್ಲವೆಂದೆ, ಅಷ್ಟೇ ಹೇಳಿದೆ. ಅವಳಿಗೆ ಅದೇ ಆಶ್ಚರ್ಯವಾಗಿರಬೇಕು.

ಕಾಲು ನೆಟ್ಟಗಾದ ವಾರವೇ ಶಿರೂರಿನ ಸರಕಾರಿ ಎಸ್‌ಟಿ ಬಸ್ಸು ಹತ್ತಿದೆ. ಬರುತ್ತೇನೆ ಎಂದಷ್ಟೇ ನಂದಾಳಿಗೆ ಫೋನಿನಲ್ಲಿ ಹೇಳಿದ್ದೆ, ಬಾ ಎಂದಷ್ಟೇ ಅವಳು ಅಂದಿದ್ದಳು. ರಾಂಜಣಗಾಂವದ ಹತ್ತಿರ ಪಾಳಿ ಮುಗಿಸಿದ ಕಾರ್ಖಾನೆಯ ಜನ ತುಂಬಿಕೊಂಡರು. ನನ್ನ ಪಕ್ಕ ಕೂತ ಕಲಬುರಗಿ ಕಡೆಯ ಹೆಣ್ಣುಮಗಳು "ಎಲ್ಲಿಗ್ರಿ ಅಕ್ಕಾರ?" ಎಂದಳು. ಗೆಳತಿಯ ಮನೆಗೆ ಎಂದೆ. ಹಾಗೆ ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಶಿರೂರಿನ ತನಕ ಯೋಚಿಸಿದೆ.

ನಂದಾ ಪಡಸಾಲೆಯಲ್ಲಿ ಮೆಂತ್ಯಪಲ್ಲೆ ಬಿಡಿಸುತ್ತ ಕೂತಿದ್ದಳು. ತಲೆಯೆತ್ತಿ ನೋಡಿ, ನೀರು ಕೊಟ್ಟು, ಮತ್ತೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಒಂದು ಕಟ್ಟು ಎಳೆದುಕೊಂಡು ಎಲೆ ಬಿಡಿಸತೊಡಗಿದೆ. ಭಾಷಣ ನಾಲಿಗೆಯ ತುದಿಗೆ ಹತ್ತು ಸಲ ಬಂತು, ಹತ್ತು ಸಲವೂ ನುಂಗಿದೆ. ಬಿಸಿಲು ಹೊಸ್ತಿಲು ದಾಟಿ ಗೋಡೆಗೆ ಬಂತು.

ಮೂರನೆಯ ಕಟ್ಟಿಗೆ ಅವಳೇ ಬಾಯಿಬಿಟ್ಟಳು. ಕೈ ನಿಲ್ಲಿಸದೆ, ನನ್ನ ಕಡೆ ನೋಡದೆ, ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು: "ಅವತ್ತು ಅಜ್ಜಿ ಹಂಚೋ ಮೊದಲೇ ಹಾಸಿಗೆಯಲ್ಲಿದ್ದ ಆಯೀಗೆ ಒಂದು ಚಮಚ ಕೊಟ್ಟಿದ್ದೆ. ಭಾಳ ಸೇರಿತು ಅವಳಿಗೆ. ಮುಂದೆ ದಿನಾ ಕೇಳೋಳು, ಅದೇ ತಂದು ಕೊಡು ಅಂತ. ಎರಡು ಸಲ ನಿಮ್ಮ ಬಾಗಿಲ ತನಕ ಬಂದೆ. ಹೇಗೆ ಕೇಳಲಿ? ವಾಪಸ್ ಹೋದೆ."

ಐವತ್ತು ವರ್ಷ ಅವಳು ಇದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ತಪ್ಪಾಯಿತು ಎಂಬ ಮಾತು ಇದರ ಮುಂದೆ ತೀರಾ ಸಣ್ಣದಾಗಿತ್ತು. ಕಣ್ಣು ಮಂಜಾಗಿ ಎಲೆಯ ಜೊತೆ ಕಡ್ಡಿಯೂ ಬುಟ್ಟಿಗೆ ಬೀಳುತ್ತಿತ್ತು. ನಂದಾ ಆ ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು, ಉಳಿದ ಪಲ್ಲೆಯಲ್ಲಿ ಅರ್ಧ ನನ್ನ ಕಡೆ ಸರಿಸಿದಳು.

ಪುಣೆಗೆ ಮರಳುವ ಐದರ ಬಸ್ಸಿಗೆ ಹೊತ್ತಾಯಿತೆಂದು ನಾನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ.