ಹನ್ನೆರಡನೆಯ ಲೋಕ

...ನೆರಳುಗಳು ಮಾತ್ರ ಬದುಕುವುದು ಮೂರನೆಯ ಲೋಕದಲ್ಲಿ ಎಂದಿದ್ದಳೋ ಅಕ್ಕ, ನಾಲ್ಕನೆಯದರಲ್ಲೋ, ಸರಿಯಾಗಿ ನೆನಪಿಲ್ಲ. ಇವತ್ತು ಸಂತೆಯಲ್ಲಿ ಹಸಿ ಕಾಳುಮೆಣಸಿನ ಘಾಟು ಮೂಗಿಗೆ ಬಡಿದಾಗ ಅವಳು ಕಟ್ಟಿದ್ದ ಆ ಲೋಕಗಳೆಲ್ಲ ಎದ್ದು ಬಂದವು.

ಹೊಂಗಡಹಳ್ಳದ ತೋಟದಲ್ಲಿ ಮೆಣಸು ಕುಯ್ಯುವವರು ಒಂಟಿ ಬಿದಿರಿನ ಏಣಿಯನ್ನು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ ತಿಂಡಿಗೆ ಹೋಗುತ್ತಿದ್ದರು. ಕಾಲಿಟ್ಟು ಹತ್ತುವ ಅದರ ಒಂದೊಂದು ಗೆಣ್ಣೂ ಅಕ್ಕನಿಗೆ ಒಂದೊಂದು ಲೋಕ. ಹನ್ನೊಂದಕ್ಕೆ ಹೆಸರಿಟ್ಟಿದ್ದಳು. ಹನ್ನೆರಡನೆಯದರಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಅವಳಿಗೆ ಎತ್ತರವೆಂದರೆ ಭಯ.

“ನೀ ಹತ್ತು ಕಣೇ, ನಾ ಏಣಿ ಹಿಡ್ಕೊಂಡಿರ್ತೀನಿ. ನೋಡ್ದೇ ಇಳಿದ್ಬುಟ್ರೆ ಆ ಲೋಕ ಇಲ್ದಂಗೇ ಆಯ್ತದೆ.”

ಇಲ್ಲವಾಗಿಸುವ ಪಾಪ ನನಗೆ ಬೇಡವಾಗಿತ್ತು. ಹತ್ತಿದೆ. ತೋಟವೆಲ್ಲ ಬೆಳಗಿನ ದಟ್ಟ ಮಂಜು; ಹನ್ನೆರಡನೆಯ ಗೆಣ್ಣಿಗೆ ತಲೆ ಮಂಜಿನಿಂದ ಆಚೆ ಬಂತು. ಕೆಳಗೆ ಕಾಫಿ ಗಿಡಗಳಿಲ್ಲ, ಅಕ್ಕ ಇಲ್ಲ, ನನ್ನ ಪಾದಗಳೂ ಇಲ್ಲ. ಬಿಳಿಯ ನೆಲದ ಮೇಲೆ ಮರದ ತುದಿಗಳು ಮಾತ್ರ ಬಿಸಿಲು ಕಾಯುತ್ತಿದ್ದವು.

“ಏನೈತೆ ಅಲ್ಲಿ?” ಎಂದು ಬಿಳುಪಿನೊಳಗಿಂದ ಕೇಳಿದಳು.

“ಇಲ್ಲಿ ಯಾರ್ಗೂ ಕಾಲಿಲ್ಲ ಕಣಕ್ಕಾ!”

ನಾನು ಇಳಿದ ಮೇಲೆ ಅವಳು ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ನನ್ನ ಎರಡೂ ಪಾದಗಳನ್ನು ಮುಟ್ಟಿ ನೋಡಿದಳು.

ಅವಳು ತೀರಿಕೊಂಡು ಬಹಳ ಕಾಲವಾಯಿತು. ಅಕ್ಕಾ, ಅವತ್ತು ನಾನು ಪೂರ್ತಿಯಾಗಿ ಇಳಿದು ಬಂದೆನೆಂದು ನಿನಗೆ ನಂಬಿಕೆಯಾಯಿತೆ?