ಕಾಳಿಯ ಕೊರಳಿನ ತಲೆಗಳು

ಐವತ್ತರ ದಶಕ ಮುಗಿಯುತ್ತಿತ್ತು. ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಹೊರಟಾಗ ಅಮ್ಮ ತನ್ನ ದೇವರ ಗೂಡಿನಿಂದ ಕಾಳಿಯ ಪಟ ತೆಗೆದು ನನ್ನ ಟ್ರಂಕಿನಲ್ಲಿಟ್ಟಳು. ಕಾಳಿಯ ಕೊರಳಲ್ಲಿ ರುಂಡಮಾಲೆ, ಕೈಯಲ್ಲಿ ಇನ್ನೊಂದು ತಲೆ. ನನಗೆ ಚಿಕ್ಕಂದಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಹಟ ಮಾಡಿದಾಗಲೆಲ್ಲ ಅಮ್ಮ ಆ ಮಾಲೆ ತೋರಿಸಿ, "ಅವೆಲ್ಲ ನಮ್ಮ ಅಹಂಕಾರ ಕಣೇ. ಅವಳಿಗೆ ಕೊಟ್ಬಿಡು, ಹಗುರ ಆಗ್ತೀಯ" ಎನ್ನುತ್ತಿದ್ದಳು. ಮರುವರ್ಷವೇ ಅಮ್ಮ ತೀರಿಕೊಂಡಳು. ಅವಳದು ಅಂತ ನನ್ನ ಬಳಿ ಉಳಿದದ್ದು ಆ ಪಟ ಒಂದೇ.

ಅತ್ತೆಗೆ ಅದನ್ನು ಕಂಡರಾಗದು. ಉಗ್ರದೇವತೆ ಸಂಸಾರಸ್ಥರ ಮನೆಯಲ್ಲಿರಬಾರದಂತೆ. ಎಸೆಯಲು ಭಯ, ಇಟ್ಟುಕೊಳ್ಳಲೂ ಭಯ. ಅದಕ್ಕೇ ದಿನಾ ಬೆಳಿಗ್ಗೆ ದಪ್ಪನೆಯ ಕನಕಾಂಬರದ ಮಾಲೆ ಕಟ್ಟಿ, ಒಂದು ತಲೆಯೂ ಕಾಣದ ಹಾಗೆ ಪಟದ ಮೇಲೆ ಇಳಿಬಿಡುತ್ತಿದ್ದರು. ಅಮ್ಮ ಹೇಳಿದ್ದನ್ನು ನಾನು ಎಷ್ಟು ಬಿಡಿಸಿ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಬಸುರಿಯಾದ ಮೇಲಂತೂ ಪಟವನ್ನೇ ಗೋಡೆಗೆ ಮುಖ ಮಾಡಿ ತಿರುಗಿಸಿದರು. ನಾನು ಸರಿಮಾಡುವುದು, ಅವರು ತಿರುಗಿಸುವುದು. ಗಂಡ ಎನ್ನುವ ಮಹಾನುಭಾವರು ಪೇಪರಿನ ಹಿಂದೆ ಅಡಗಿ ಕೂರುವುದು.

ಹೆರಿಗೆಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿದ್ದ ಅಕ್ಕನ ಮನೆಗೆ ಹೋದೆ. ಬಾಣಂತನ ಮುಗಿಸಿ ಮಗಳನ್ನೆತ್ತಿಕೊಂಡು ಬಂದರೆ ಪಟದ ಮುಖ ಈಚೆಗಿತ್ತು, ಮೇಲೆ ಹೂವೂ ಇರಲಿಲ್ಲ. ಅತ್ತೆ ಕೊನೆಗೂ ಸೋತರು ಅಂದುಕೊಂಡು ಹತ್ತಿರ ಹೋದೆ. ಅವರು ಬೋರ್ಡು ಬರೆಯುವವನನ್ನು ಕರೆಸಿ, ಗಾಜು ಬಿಚ್ಚಿಸಿ, ಒಂದೊಂದು ತಲೆಯ ಮೇಲೂ ಒಂದೊಂದು ಗುಲಾಬಿ ಬರೆಸಿದ್ದರು. ಕೈಯಲ್ಲಿದ್ದ ರುಂಡ ತೆಂಗಿನಕಾಯಿಯಾಗಿತ್ತು!

"ಈಗ ಎಷ್ಟು ಲಕ್ಷಣವಾಗಿದೆ ನೋಡು ಮಾರಾಯ್ತಿ," ಎಂದರು ಅತ್ತೆ. "ಆ ರಕ್ತ ಗಿಕ್ತ ನೋಡಿ ಮಗು ಹೆದರಿಕೊಂಡ್ರೆ ಏನ್ ಮಾಡ್ತೀಯ?"

ನನ್ನ ಮೈಯೆಲ್ಲ ಉರಿಯಿತು. "ಇವಳನ್ನ ಹೆರುವಾಗ ಹರಿದಷ್ಟು ರಕ್ತ ಆ ಪಟದಲ್ಲಿ ಇರ್ಲಿಲ್ಲ ಅತ್ತೆ. ನೀವೂ ಹೆತ್ತವರೇ ಅಲ್ವಾ?"

ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ನಾನು ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒಂದು ಗುಲಾಬಿಯನ್ನು ಒರೆಸಿ ನೋಡಿದೆ. ಬಣ್ಣದ ಜೊತೆ ಕಾಗದವೂ ಕಿತ್ತು ಬಂತು. ಅಷ್ಟಕ್ಕೇ ಬಿಟ್ಟೆ.

ಪಟ ಈಗಲೂ ನನ್ನ ಹತ್ತಿರ ಇದೆ. ಅಮ್ಮ ಕೈಮುಗಿದ ಕಾಳಿಯನ್ನು ನೋಡಬೇಕೆಂದರೆ ಮಾತ್ರ ನಾನು ಕಣ್ಣು ಮುಚ್ಚಿಕೊಳ್ಳಬೇಕು.