ಅತ್ತೆ ಬೈಯುವುದು ನಿಲ್ಲಿಸಿದ ಮೇಲೆ

ಹೊಣಕೆರೆಯಲ್ಲಿ ನಮ್ಮತ್ತೆ ಸೋಮಮ್ಮನ ಬಾಯಿಗೆ ಹೆದರದವರಿರಲಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನು ಕೂಡ ಅವರ ಕ್ಯಾನು ಕಂಡರೆ ಮೈಯೆಲ್ಲ ಕಣ್ಣಾಗುತ್ತಿದ್ದ. ನಾನು ಸೊಸೆಯಾಗಿ ಬಂದ ಮಾರನೇ ದಿನವೇ "ಇದೇನು ರಂಗೋಲಿನೋ, ಕೋಳಿ ಕೆದ್ರಿರೋದೋ?" ಅಂದವರು. ನಾನೇನು ಕಮ್ಮಿಯೇ? ತಿರುಗಿಸಿ ಕೊಟ್ಟೆ. ಅಂದಿನಿಂದ ದಿನ ಬೆಳಗಾದರೆ ನಮ್ಮಿಬ್ಬರಿಗೂ ಜಗಳ. ಆದರೂ ಒಂದೇ ಒಂದು ಸಲ ಆ ಬಾಯಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಬರಲಿ ಅಂತ ಹೊಟ್ಟೆಯೊಳಗೆ ಆಸೆಯಿತ್ತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಹೋದ ಸುಗ್ಗಿ ಮುಗಿಯುವ ಹೊತ್ತಿಗೆ ಬೈಗುಳ ನಿಂತಿತು. ಒಣಹಾಕಿದ ರಾಗಿಗೆ ಹಸು ಬಾಯಿ ಹಾಕಿದರೂ ನೋಡುತ್ತಾ ಕೂತಿರುತ್ತಿದ್ದರು. ಓರಗೆಯವರು ಹರಟೆಗೆ ಕರೆದರೂ ಜಗುಲಿ ಬಿಟ್ಟು ಏಳುತ್ತಿರಲಿಲ್ಲ. ಮರೆವೇನೂ ಇರಲಿಲ್ಲ, ನೆಂಟರ ಹೆಸರು, ಹಬ್ಬ, ಹಾಲಿನ ಬಟವಾಡೆಯ ದಿನ, ಎಲ್ಲ ಸರಿಯಾಗಿಯೇ ಹೇಳುತ್ತಿದ್ದರು. ಊರವರೆಲ್ಲ ನನ್ನ ಅದೃಷ್ಟವನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಮಾತ್ರ ಮನೆ ಬಿಕೋ ಎನ್ನುತ್ತಿತ್ತು.

ತಡೆಯಲಾರದೆ ಒಂದು ಮಧ್ಯಾಹ್ನ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ. ತಟ್ಟೆ ಎತ್ತಿ ಎಸೆಯಲಿ, ನನ್ನ ತವರನ್ನೆಲ್ಲ ಬೀದಿಗೆ ಎಳೆಯಲಿ ಅಂತ ಕಾದು ನಿಂತೆ. ಅವರು ಸುಮ್ಮನೆ ಉಂಡು ಕೈ ತೊಳೆದರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

"ಅತ್ತೆಗೆ ಏನೋ ಆಗ್ಯದೆ. ಡಾಕ್ಟ್ರಿಗೆ ತೋರ್ಸಣ," ಅಂದೆ ನನ್ನ ಗಂಡ ಮರಿಸ್ವಾಮಿಗೆ.

"ಬೈದ್ರೂ ಅಳ್ತೀಯ, ಬೈಯ್ದೇ ಇದ್ರೂ ಅಳ್ತೀಯ. ನೆಮ್ಮದಿಯಾಗಿರಕ್ಕೆ ನಿಂಗೇನು ರೋಗ?"

"ರೋಗ ನಂಗಲ್ಲ. ದಿನಾ ಅವ್ರ ಜೊತೆ ಜಗಳ ಆಡಿರೋಳು ನಾನು ಕಣ್ರೀ. ನಿಮ್ಗಿಂತ ನಂಗೊತ್ತು."

ಗಂಡ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ನಾನೇ ಅತ್ತೆಯನ್ನು ಬಸ್ಸು ಹತ್ತಿಸಿಕೊಂಡು ನಾಗಮಂಗಲದ ಆಸ್ಪತ್ರೆಗೆ ಹೋದೆ. ಅಲ್ಲಿಯವರು ಹೇಳಿದರೆಂದು ಮಂಡ್ಯಕ್ಕೂ ಹೋದೆ. ಅಲ್ಲಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ತಲೆಯ ಸ್ಕ್ಯಾನು ನೋಡಿದರು, ಅತ್ತೆಯನ್ನು ಏನೇನೋ ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ಮರೆವಿನ ಕಾಯಿಲೆ ಎಲ್ಲರಿಗೂ ಮರೆವಿನಿಂದಲೇ ಶುರುವಾಗಲ್ಲಮ್ಮ. ಕೆಲವರಿಗೆ ಮೊದಲು ಸ್ವಭಾವ ಬದಲಾಗುತ್ತೆ. ಮೆತ್ತಗಿದ್ದವರು ರೇಗ್ತಾರೆ, ಜೋರಾಗಿದ್ದವರು ಮಂಕಾಗ್ತಾರೆ. ಇವರದೂ ಅದರ ಶುರು ಅನ್ಸುತ್ತೆ. ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು."

"ಮೊದ್ಲಿನಂಗೆ ಬೈತಾರಾ, ಮೇಡಮ್ಮೋರೇ?" ಅಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ ಮಾತ್ರೆ ಬರೆಯತೊಡಗಿದರು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ನಾಗಮಂಗಲ ದಾಟಿದ ಮೇಲೆ ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ನೀನು ಬೋ ಒಳ್ಳೇವ್ಳು ಕಣವ್ವ, ಪವಿತ್ರ," ಅಂದರು.

ಇಷ್ಟು ವರ್ಷ ನಾನು ಕಾದಿದ್ದು ಆ ಮಾತಿಗೇ. ಅದನ್ನೇ ಬೆಳಿಗ್ಗೆ, ಡಾಕ್ಟರಮ್ಮನ ಮಾತು ಕೇಳುವ ಮೊದಲು ಅಂದಿದ್ದರೆ ನಂಬುತ್ತಿದ್ದೆ.